ಅವ್ವ ಹಿಡಿಸದ ಡಬ್ಬಿ

ಅಣ್ಣನ ಫೋನು ಬಂದಾಗ ನಾನು ಲ್ಯಾಬಿನಲ್ಲಿ ಉಪ್ಪುನೀರಿನ ಬಾಟಲಿಯೊಂದನ್ನು ಕಾಯಿಲಿನೊಳಗೆ ಮಲಗಿಸುತ್ತಿದ್ದೆ. ಮನುಷ್ಯನ ತಲೆಯಷ್ಟು ದಪ್ಪದ ಬಾಟಲಿ ಅದು. ನಮ್ಮ ಕೆಲಸದಲ್ಲಿ ಅದನ್ನು ಫ್ಯಾಂಟಮ್ ಅನ್ನುತ್ತೇವೆ. ಎಂಆರ್‌ಐ ಕಾಯಿಲಿನ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಪೇಷಂಟ್ ಇಲ್ಲ. ಅದು ಅಲುಗಾಡುವುದಿಲ್ಲ, ಕೆಮ್ಮುವುದಿಲ್ಲ, ಹೆದರುವುದಿಲ್ಲ. ಅದರ ಬೆನ್ನು ಬಾಗಿರುವುದಿಲ್ಲ.

“ತಮ್ಮಾ, ಅವ್ವನ ಸ್ಕ್ಯಾನ್ ಆಗಲಿಲ್ಲಪಾ. ಬೆನ್ನ ಬಾಗೇತಿ, ಆ ಡಬ್ಬ್ಯಾಗ ತಲಿ ಕುಂದ್ರವಲ್ದು ಅಂತಾರ,” ಎಂದ ಅಣ್ಣ. ಹಿಂದಿನಿಂದ ಯಾರೋ ಮುಂದಿನವರ ಹೆಸರು ಕೂಗುತ್ತಿದ್ದರು. “ನೀ ಅದನ್ನ ಮಾಡಾಂವ ಅಲ್ಲೇನು? ಏನ್ ಮಾಡಬೇಕ ಹೇಳು.”

ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ.

ಅವ್ವನ ಬಲಗೈ ಜೋಮು ಹಿಡಿಯತೊಡಗಿ ಮೂರು ತಿಂಗಳಾಗಿತ್ತು. ಮೊದಲು ಅದನ್ನು ಯಾರೂ ಕಾಯಿಲೆ ಅಂದುಕೊಳ್ಳಲಿಲ್ಲ. ಜೋಳದ ರೊಟ್ಟಿ ಬಡಿಯುವಾಗ ಒಂದು ಅಂಚು ದಪ್ಪ, ಒಂದು ಅಂಚು ತೆಳು ಆಗತೊಡಗಿತು. ಆಮೇಲೆ ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ರೊಟ್ಟಿ ಹರಿಯತೊಡಗಿತು. ಅರವತ್ತು ವರ್ಷ ರೊಟ್ಟಿ ಬಡಿದ ಕೈ ಅದು. ಹಿಟ್ಟು ಸರಿಯಿಲ್ಲ, ನೀರು ಸರಿಯಿಲ್ಲ ಎಂದು ಅವ್ವ ಬೈಯುತ್ತಿದ್ದಳು. ಕುಬಸದ ಗುಂಡಿ ಹಾಕಿಕೊಳ್ಳಲು ಆಗದೆ ವೈನಿಯನ್ನು ಕರೆದ ದಿನ ಮನೆಯವರಿಗೆ ಗಾಬರಿಯಾಯಿತು. ಡಾಕ್ಟರು ನೋಡಿ, ಕತ್ತಿನಲ್ಲಿ ನರದ ಹುರಿ ಒತ್ತುತ್ತಿರಬಹುದು, ಎಂಆರ್‌ಐ ಮಾಡಿಸಿ ಎಂದರು. ಒತ್ತಡ ಹೌದೋ ಅಲ್ಲವೋ ಗೊತ್ತಾಗುವವರೆಗೆ ಏನೂ ಮಾಡುವ ಹಾಗಿರಲಿಲ್ಲ. ತಡವಾದಷ್ಟೂ ಹೋದ ಶಕ್ತಿ ತಿರುಗಿ ಬರುವುದು ಕಷ್ಟ ಎಂದೂ ಅವರು ಹೇಳಿದ್ದರು.

ನಾನು ಎಂಆರ್‌ಐ ಮಷೀನು ಮಾಡುತ್ತೇನೆ ಎಂದು ಊರಲ್ಲಿ ಹೇಳುತ್ತಾರೆ. ಅದು ನಿಜವಲ್ಲ. ನಾನು ಮಾಡುವುದು ಅದರ ಕಿವಿಯನ್ನು.

ಎಂಆರ್‌ಐ ಎಂದರೆ ಎಲ್ಲರ ಕಣ್ಣಿಗೆ ಬರುವುದು ಆ ದೊಡ್ಡ ಸುರಂಗ, ಅದರೊಳಗಿನ ಅಯಸ್ಕಾಂತ. ಮಲಗಿದವರ ತಲೆಗೋ ಮೊಣಕಾಲಿಗೋ ಹೊಂದಿಸಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಆ ಡಬ್ಬಿಯೊಳಗೆ ತಾಮ್ರದ ಸುತ್ತುಗಳಿವೆ. ಅದೇ ಆರ್‌ಎಫ್ ಕಾಯಿಲ್. ಮೈಯ ನೀರಿನಲ್ಲೂ ಕೊಬ್ಬಿನಲ್ಲೂ ಇರುವ ಹೈಡ್ರೋಜನ್ ಪ್ರೋಟಾನ್‌ಗಳು ಅಯಸ್ಕಾಂತದೊಳಗೆ ಒಂದು ನಿರ್ದಿಷ್ಟ ಲಯದಲ್ಲಿ ಬುಗುರಿಯ ಹಾಗೆ ತಿರುಗುತ್ತವೆ. ಅಯಸ್ಕಾಂತದ ಬಲ 1.5 ಟೆಸ್ಲಾ ಇದ್ದರೆ ಆ ಲಯ ಸೆಕೆಂಡಿಗೆ ಸುಮಾರು 6.4 ಕೋಟಿ ಸಲ, ಅಂದರೆ 64 ಮೆಗಾಹರ್ಟ್ಸ್. 3 ಟೆಸ್ಲಾ ಆದರೆ 128. ನಾವು ಕೇಳುವ ಎಫ್‌ಎಂ ಸ್ಟೇಷನ್ನುಗಳು 88ರಿಂದ 108ರ ನಡುವೆ ಇರುವಂಥವು. ಮೈ ಅದರ ಒಂದಿಷ್ಟು ಕೆಳಗೋ ಮೇಲೋ ಪ್ರಸಾರ ಮಾಡುತ್ತದೆ ಅಂದುಕೊಳ್ಳಿ. ಮೊದಲು ಮಷೀನು ಅದೇ ಲಯದ ರೇಡಿಯೋ ಅಲೆ ಕಳಿಸಿ ಪ್ರೋಟಾನ್‌ಗಳನ್ನು ತಟ್ಟುತ್ತದೆ. ಆಮೇಲೆ ಸುಮ್ಮನಾಗಿ, ಅವು ಹಿಂತಿರುಗಿಸುವ ಸಣ್ಣ ದನಿಯನ್ನು ಕಾಯಿಲ್ ಮೂಲಕ ಆಲಿಸುತ್ತದೆ.

ಸಣ್ಣ ದನಿ ಅಂದರೆ ನಿಜಕ್ಕೂ ಸಣ್ಣದು. ಪ್ರೋಟಾನ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ಒಂದು ಕಡೆ ಮುಖ ಮಾಡಿದರೆ ಇನ್ನರ್ಧ ಎದುರು ಕಡೆ ಮುಖ ಮಾಡಿ ಒಂದನ್ನೊಂದು ಅಳಿಸಿಹಾಕುತ್ತವೆ. 1.5 ಟೆಸ್ಲಾದಲ್ಲಿ ಹತ್ತು ಲಕ್ಷಕ್ಕೆ ಸುಮಾರು ಐದು ಮಾತ್ರ ಲೆಕ್ಕದಾಚೆ ಉಳಿಯುತ್ತವೆ. ಚಿತ್ರವೆಲ್ಲ ಬರುವುದು ಆ ಐದರಿಂದ.

ನನಗೆ ಈ ಕೆಲಸದ ಮೊದಲ ಪಾಠ ಹೇಳಿಕೊಟ್ಟದ್ದು ಅಪ್ಪನ ಟ್ರಾನ್ಸಿಸ್ಟರ್ ರೇಡಿಯೋ. ಸಂಜೆ ವಾರ್ತೆಯ ಹೊತ್ತಿಗೆ ಅಪ್ಪ ಮುಳ್ಳನ್ನು ಧಾರವಾಡ ಆಕಾಶವಾಣಿಯ 765 ಕಿಲೋಹರ್ಟ್ಸ್‌ಗೆ ತಂದಿಟ್ಟು, ಆಮೇಲೆ ರೇಡಿಯೋವನ್ನೇ ಕಟ್ಟೆಯ ಮೇಲೆ ಆಚೆ ಈಚೆ ತಿರುಗಿಸುತ್ತಿದ್ದ. ಒಂದು ದಿಕ್ಕಿಗೆ ದನಿ ತುಂಬಿ ಬರುತ್ತಿತ್ತು, ಇನ್ನೊಂದು ದಿಕ್ಕಿಗೆ ಬರೀ ಗೊರಗೊರ. ಒಮ್ಮೆ ಹಿಂದಿನ ಮುಚ್ಚಳ ತೆಗೆದಾಗ ಒಳಗೊಂದು ಕಪ್ಪು ಕಡ್ಡಿ, ಅದರ ಸುತ್ತ ನೂಲಿನಷ್ಟು ತೆಳುವಾದ ತಾಮ್ರದ ತಂತಿ ಕಂಡಿತು. ಅದೂ ಒಂದು ಕಾಯಿಲ್. ತನ್ನ ಸುತ್ತಿನೊಳಗೆ ಹಾದುಹೋಗುವ ಕಾಂತಕ್ಷೇತ್ರವನ್ನಷ್ಟೇ ಅದು ಕೇಳುತ್ತದೆ, ಅಡ್ಡ ಹೋದದ್ದು ಕೇಳುವುದಿಲ್ಲ. ಎಂಆರ್‌ಐ ಕಾಯಿಲಿನ ನಿಯಮವೂ ಇದೇ. ಸುತ್ತಿನ ಮುಖ ಸುರಂಗದ ಉದ್ದಕ್ಕೆ ತಿರುಗಿಕೊಂಡರೆ ಏನೂ ಕೇಳಿಸುವುದಿಲ್ಲ, ಅಡ್ಡಕ್ಕೆ ತಿರುಗಿದ್ದರೆ ಕೇಳಿಸುತ್ತದೆ.

ಕಾಯಿಲ್ ಮಾಡುವುದು ಹೇಳಲು ಸುಲಭ. ತಾಮ್ರದ ಪಟ್ಟಿಯನ್ನು ಸುತ್ತು ಮಾಡಿ, ಅಲ್ಲಲ್ಲಿ ಕತ್ತರಿಸಿ, ಕತ್ತರಿಸಿದಲ್ಲಿ ಕೆಪಾಸಿಟರ್ ಬೆಸುಗೆ ಹಾಕಬೇಕು. ಬೆಲೆ ಸರಿಹೊಂದಿದರೆ ಸುತ್ತು 64 ಮೆಗಾಹರ್ಟ್ಸ್‌ಗೆ ಶ್ರುತಿಗೂಡುತ್ತದೆ. ಮಷೀನು ರೇಡಿಯೋ ಅಲೆ ಕಳಿಸುವಾಗ ಈ ಕಿವಿ ಮುಚ್ಚಿಕೊಂಡಿರಬೇಕು. ಇಲ್ಲದಿದ್ದರೆ ತಾಮ್ರದಲ್ಲಿ ಕರೆಂಟು ಹರಿದು ಪೇಷಂಟಿನ ಚರ್ಮ ಸುಟ್ಟೀತು. ಅದಕ್ಕಾಗಿ ಒಂದು ಡಯೋಡಿನ ಸರ್ಕೀಟು ಹಾಕಿ, ಆ ಹೊತ್ತಿನಲ್ಲಿ ಬೇಕೆಂದೇ ಶ್ರುತಿ ಕೆಡಿಸುತ್ತೇವೆ.

ಹೊಸ ಹುಡುಗರು ಲ್ಯಾಬಿಗೆ ಸೇರಿದಾಗ ನಾನು ಅವರಿಗೆ ಮೊದಲು ತೋರಿಸುವುದು ಇನ್ನೊಂದನ್ನು. ಶ್ರುತಿ ಮಾಡಿದ ಕಾಯಿಲನ್ನು ನೆಟ್‌ವರ್ಕ್ ಅನಲೈಸರಿಗೆ ಜೋಡಿಸಿದರೆ ಪರದೆಯ ಮೇಲೆ ಚೂಪಾದ ಒಂದು ಶಿಖರ ಕಾಣುತ್ತದೆ. ಕಂಚಿನ ಗಂಟೆ ಹೊಡೆದಾಗ ನಾದ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದಕ್ಕೆ ಸಮನಾದ ಅಳತೆ ಅದು. ನಾವು ಅದನ್ನು ಕ್ಯೂ ಅನ್ನುತ್ತೇವೆ. ಬರಿಯ ಕಾಯಿಲಿನಲ್ಲಿ ಅದು 250 ಇತ್ತು ಎನ್ನಿ. ಈಗ ಕಾಯಿಲನ್ನು ನಿಮ್ಮ ತೋಳಿನ ಹತ್ತಿರ ತನ್ನಿ. ಗಂಟೆಗೆ ಕೈಯಿಟ್ಟ ಹಾಗೆ ಶಿಖರ ಕುಸಿದು ಅಗಲವಾಗುತ್ತದೆ, ಕ್ಯೂ 50ಕ್ಕೆ ಇಳಿಯುತ್ತದೆ. ಹುಡುಗರು ಇದನ್ನು ನೋಡಿ ಏನೋ ಕೆಟ್ಟಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಒಳ್ಳೆಯ ಕಾಯಿಲ್ ಮೈ ಹತ್ತಿರ ಬಂದಾಗ ಕುಸಿಯಲೇಬೇಕು. ಕುಸಿದರೆ, ಕಾಯಿಲಿಗೆ ಕೇಳಿಸುತ್ತಿರುವ ಗದ್ದಲದಲ್ಲಿ ಐದರಲ್ಲಿ ನಾಲ್ಕು ಪಾಲು ಮೈಯದು, ಒಂದೇ ಪಾಲು ತಾಮ್ರದ್ದು ಎಂದರ್ಥ. ಮೈ ಬಂದರೂ ಶಿಖರ ಚೂಪಾಗಿಯೇ ನಿಂತಿದ್ದರೆ ಆ ಕಾಯಿಲ್ ತನ್ನ ಸದ್ದನ್ನೇ ತಾನು ಕೇಳಿಕೊಳ್ಳುತ್ತಿದೆ.

ಹೀಗಾಗಿ ಈ ವಿದ್ಯೆಯೆಲ್ಲ ಕೊನೆಗೆ ಹತ್ತಿರ ಹೋಗುವ ವಿದ್ಯೆ. ಸುತ್ತು ದೊಡ್ಡದಾದರೆ ಆಳದವರೆಗೆ ಕೇಳಿಸುತ್ತದೆ, ಆದರೆ ಮೈಯ ಹೆಚ್ಚು ಭಾಗದ ಗದ್ದಲವೂ ಸೇರುತ್ತದೆ. ಚಿಕ್ಕದಾದರೆ ಸ್ವಚ್ಛವಾಗಿ ಕೇಳಿಸುತ್ತದೆ, ಆಳ ಸಿಗುವುದಿಲ್ಲ. ಎಷ್ಟು ಆಳ ನೋಡಬೇಕೋ ಹೆಚ್ಚುಕಡಿಮೆ ಅಷ್ಟೇ ಅಗಲದ ಸುತ್ತು ಎಂಬುದು ನಮ್ಮ ಕೈಲೆಕ್ಕ. ದೂರದ ಲೆಕ್ಕ ಇನ್ನೂ ಕಠೋರ. 10 ಸೆಂಟಿಮೀಟರ್ ಅಗಲದ ಸುತ್ತು ಚರ್ಮಕ್ಕೆ ತಾಗಿದ್ದು, 5 ಸೆಂಟಿಮೀಟರ್ ಆಳದ ಒಂದು ಚುಕ್ಕೆಯನ್ನು ಕೇಳುತ್ತಿದೆ ಎಂದುಕೊಳ್ಳಿ. ಅದೇ ಸುತ್ತನ್ನು ಚರ್ಮದಿಂದ 5 ಸೆಂಟಿಮೀಟರ್ ಮೇಲೆತ್ತಿದರೆ ಸಿಗ್ನಲ್ ಕಾಲುಭಾಗಕ್ಕೆ ಇಳಿಯುತ್ತದೆ. ಕಳೆದುಕೊಂಡದ್ದನ್ನು ಹೊತ್ತು ಕೊಟ್ಟು ಕೊಳ್ಳಬಹುದು, ಆದರೆ ಬಡ್ಡಿ ವಿಪರೀತ. ಚಿತ್ರದ ಸ್ಪಷ್ಟತೆ ಅರ್ಧವಾದರೆ ಅದನ್ನು ಮರಳಿ ಪಡೆಯಲು ನಾಲ್ಕು ಪಟ್ಟು ಹೊತ್ತು ಮಲಗಿರಬೇಕು.

ಅವ್ವನ ಕತ್ತು ಇದ್ದದ್ದು ಆ ಅಂತರದಲ್ಲಿ. ಎಪ್ಪತ್ತನಾಲ್ಕು ವರ್ಷ, ಅದರಲ್ಲಿ ಐವತ್ತು ವರ್ಷ ಕಳೆ ತೆಗೆದು, ಹತ್ತಿ ಬಿಡಿಸಿ, ನೀರು ಹೊತ್ತು ಅವಳ ಬೆನ್ನು ಮೇಲ್ಭಾಗದಲ್ಲಿ ಬಿಲ್ಲಾಗಿತ್ತು. ಅಂಗಾತ ಮಲಗಿಸಿದರೆ ತಲೆ ನೆಲಕ್ಕೆ ತಾಗುವುದಿಲ್ಲ, ಗೇಣುದ್ದ ಮೇಲೆ ನಿಲ್ಲುತ್ತದೆ. ತಲೆ ಮತ್ತು ಕತ್ತಿನ ಕಾಯಿಲಿನ ಕೆಳಗಿನ ಅರ್ಧ ಮಂಚಕ್ಕೆ ಕಚ್ಚಿಕೊಂಡಿರುತ್ತದೆ. ತಲೆ ಅದರೊಳಗೆ ಕೂತರೆ ಮಾತ್ರ ಮೇಲಿನ ಅರ್ಧ ಮುಚ್ಚುತ್ತದೆ.

ಅಣ್ಣನಿಗೆ ಆ ಡಬ್ಬಿಯ ಫೋಟೋ ಕಳಿಸಲು ಹೇಳಿದೆ. ಅದು ನಾನು ಕೆಲಸ ಮಾಡಿದ ಕಾಯಿಲ್ ಅಲ್ಲ. ಆದರೆ ಕತ್ತಿನ ಹತ್ತಿರದ ಆ ಇಕ್ಕಟ್ಟಿನ ತಿರುವು ನೋಡಿ ನನ್ನ ಮುಖಕ್ಕೆ ರಕ್ತವೇರಿತು. ನಮ್ಮದಾಗಿದ್ದರೂ ಅವ್ವ ಹಿಡಿಸುತ್ತಿರಲಿಲ್ಲ.

ಐದು ವರ್ಷದ ಹಿಂದೆ ನಮ್ಮ ಕಾಯಿಲಿನ ಆಕಾರ ನಿರ್ಧಾರವಾದ ಮೀಟಿಂಗಿನಲ್ಲಿ, ಕತ್ತಿನ ಭಾಗ ಒಂದೂವರೆ ಸೆಂಟಿಮೀಟರ್ ಒಳಕ್ಕೆ ಬರಬೇಕೆಂದು ಹಠ ಹಿಡಿದವನು ನಾನು. ಅದರಿಂದ ಸ್ಪಷ್ಟತೆ ಶೇಕಡ 8ರಷ್ಟು ಹೆಚ್ಚುತ್ತದೆ ಎಂದು ಗ್ರಾಫು ತೋರಿಸಿದ್ದೆ. ಪ್ಲಾಸ್ಟಿಕ್ಕಿನ ಕೆಲಸ ನೋಡಿಕೊಳ್ಳುವ ಹಿರಿಯರೊಬ್ಬರು, “ಬೆನ್ನು ಬಾಗಿದವರು ಬಂದರೆ?” ಎಂದು ಕೇಳಿದರು. ನಮ್ಮ ಕೈಯಲ್ಲಿದ್ದ ದೇಹದ ಅಳತೆಗಳ ಕೋಷ್ಟಕದಲ್ಲಿ ತಲೆಯ ಸುತ್ತಳತೆ ಇತ್ತು, ಭುಜದ ಅಗಲ ಇತ್ತು, ಕತ್ತಿನ ಉದ್ದ ಇತ್ತು. ಅವರೆಲ್ಲ ಬೆನ್ನು ನೆಟ್ಟಗೆ ಮಾಡಿ ಮಲಗಿದವರು. “ಅಂಥವರಿಗೆ ಫ್ಲೆಕ್ಸ್ ಕಾಯಿಲ್ ಇದೆಯಲ್ಲ ಸರ್,” ಎಂದು ನಾನು ಹೇಳಿದೆ. ಎಲ್ಲರೂ ಒಪ್ಪಿದರು. ಫ್ಲೆಕ್ಸ್ ಕಾಯಿಲನ್ನು ಬೇರೆಯಾಗಿ ಕೊಳ್ಳಬೇಕು, ಎಲ್ಲ ಸ್ಕ್ಯಾನ್ ಸೆಂಟರುಗಳೂ ಕೊಳ್ಳುವುದಿಲ್ಲ ಎಂಬುದು ನನಗೆ ಆಗಲೂ ಗೊತ್ತಿತ್ತು. ಅಣ್ಣ ಅವ್ವನನ್ನು ಕರೆದುಕೊಂಡು ಹೋದ ಕಡೆ ಅದು ಇರಲಿಲ್ಲ.

ಆ ರಾತ್ರಿ ಬಸ್ಸಿನಲ್ಲಿ ಊರಿಗೆ ಹೊರಟವನಿಗೆ ಡಮಾಡಿಯನ್ ಕಥೆ ನೆನಪಾಗುತ್ತಲೇ ಇತ್ತು. ಅಮೆರಿಕದ ಡಾಕ್ಟರ್ ರೇಮಂಡ್ ಡಮಾಡಿಯನ್ 1977ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತನ್ನ ಶಿಷ್ಯರನ್ನು ಕಟ್ಟಿಕೊಂಡು ಇಡೀ ಮನುಷ್ಯ ಹಿಡಿಸುವ ಮಷೀನು ಮಾಡಿದ. ಅದಕ್ಕೆ ‘ಇಂಡಾಮಿಟಬಲ್’ ಎಂದು ಹೆಸರಿಟ್ಟ, ಅದಮ್ಯ ಎಂದರ್ಥ. ಎದೆಗೆ ತೊಡಿಸುವ ಒಂದು ಕಾಯಿಲನ್ನು ಶಿಷ್ಯರು ಕೈಯಿಂದಲೇ ಮಾಡಿದ್ದರು. ಬೇರೆ ಯಾರ ಮೇಲೂ ಪ್ರಯೋಗ ಮಾಡುವುದು ಬೇಡವೆಂದು ಡಮಾಡಿಯನ್ ಮೊದಲು ತಾನೇ ಅದನ್ನು ತೊಟ್ಟು ಒಳಗೆ ಕೂತ. ಸಿಗ್ನಲ್ ಬರಲೇ ಇಲ್ಲ. ಈ ಕಾಯಿಲಿಗೆ ಈ ದೇಹ ತೀರ ದಪ್ಪವಾಯಿತು ಎಂದು ಅವರು ತೀರ್ಮಾನಿಸಿದರು. ಕೆಲವು ವಾರಗಳ ನಂತರ, ಜುಲೈ 3ರಂದು, ಸಣಕಲು ಮೈಯ ಶಿಷ್ಯ ಲ್ಯಾರಿ ಮಿಂಕಾಫ್ ಒಳಗೆ ಕೂತ. ಹೆಚ್ಚುಕಡಿಮೆ ಐದು ತಾಸು ಕೂತ ಮೇಲೆ ಅವನ ಎದೆಯ ಒರಟು ಚಿತ್ರವೊಂದು ಬಂತು. ಮನುಷ್ಯನ ಮೈಯ ಮೊದಲ ಸ್ಕ್ಯಾನ್ ಎಂದು ಅದನ್ನೇ ಹೇಳುತ್ತಾರೆ. ಆ ಸಣಕಲು ಹುಡುಗನನ್ನು ಎಲ್ಲರೂ ನೆನೆಯುತ್ತಾರೆ. ಕಾಯಿಲ್ ಮಾಡಿಸಿದವನೇ ಅದರಲ್ಲಿ ಹಿಡಿಸಲಿಲ್ಲ ಎಂಬುದನ್ನು ನಾನು ತಮಾಷೆಗೆ ಹೇಳುತ್ತಿದ್ದೆ. ಬಸ್ಸಿನಲ್ಲಿ ಅದು ತಮಾಷೆ ಅನ್ನಿಸಲಿಲ್ಲ.

ಆಮೇಲಿನ ನಲವತ್ತು ವರ್ಷಗಳಲ್ಲಿ ನಮ್ಮ ವಿದ್ಯೆ ಬಹಳ ಮುಂದೆ ಬಂತು. 1985ರಲ್ಲಿ ಸೆಸಿಲ್ ಹೇಯ್ಸ್ ಮತ್ತು ಜೊತೆಗಾರರು ಹಕ್ಕಿಯ ಪಂಜರದಂಥ ಕಾಯಿಲ್ ಮಾಡಿದರು. ಸುತ್ತಲೂ ನಿಂತ ಸರಳುಗಳಲ್ಲಿ ಕರೆಂಟು ಅಲೆಯಾಗಿ ಹಂಚಿಕೊಂಡು ಒಳಗೆಲ್ಲ ಸಮನಾದ ಕ್ಷೇತ್ರ ಕೊಡುತ್ತದೆ. ಇವತ್ತಿಗೂ ಸುರಂಗದ ಗೋಡೆಯೊಳಗೆ ಕೂತು ರೇಡಿಯೋ ಅಲೆ ಕಳಿಸುವುದು ಹೆಚ್ಚಾಗಿ ಅದೇ. 1990ರಲ್ಲಿ ಪೀಟರ್ ರೋಮರ್ ಮತ್ತು ತಂಡ ಒಂದು ದೊಡ್ಡ ಕಿವಿಯ ಬದಲು ಹಲವು ಚಿಕ್ಕ ಕಿವಿಗಳನ್ನು ಸಾಲಾಗಿ ಜೋಡಿಸುವ ದಾರಿ ತೋರಿಸಿದರು. ಅದರಲ್ಲೊಂದು ತೊಡಕಿತ್ತು. ಒಂದೇ ಶ್ರುತಿಯ ಎರಡು ಸುತ್ತುಗಳನ್ನು ಪಕ್ಕಪಕ್ಕ ಇಟ್ಟರೆ, ಪಂಚಮಿಗೆ ಒಂದೇ ಕೊಂಬೆಗೆ ಕಟ್ಟಿದ ಎರಡು ಜೋಕಾಲಿಗಳ ಹಾಗೆ, ಒಂದು ಆಡಿದರೆ ಇನ್ನೊಂದೂ ಆಡುತ್ತದೆ. ಎರಡರ ಶ್ರುತಿಯೂ ಕೆಡುತ್ತದೆ. ಅವರ ಉಪಾಯ ಸರಳ. ಸುತ್ತುಗಳನ್ನು ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಇಡುವುದು. ದುಂಡನೆಯ ಸುತ್ತುಗಳಾದರೆ ನಡುವಿನಿಂದ ನಡುವಿಗೆ ವ್ಯಾಸದ ಮುಕ್ಕಾಲು ದೂರ. ಅಷ್ಟು ಹಾಯಿಸಿದರೆ ಒಂದರ ಪ್ರಭಾವ ಇನ್ನೊಂದರಲ್ಲಿ ಸೊನ್ನೆಯಾಗುತ್ತದೆ. ಉಳಿದ ಸಣ್ಣಪುಟ್ಟ ಗೊಂದಲವನ್ನು ಒಳಗಿನ ಆಂಪ್ಲಿಫೈಯರುಗಳು ತಡೆಯುತ್ತವೆ.

ಆದರೆ ಆ ಮುಕ್ಕಾಲು ಅಲುಗಾಡಬಾರದು. ಕಾಯಿಲ್ ಡಬ್ಬಿಯ ಹಾಗೆ ಗಟ್ಟಿಯಾಗಿರುವುದಕ್ಕೆ ಇದೂ ಒಂದು ಕಾರಣ. ಬಾಗಿಸಿದರೆ ಹಾಯುವಿಕೆ ಬದಲಾಗುತ್ತದೆ, ಶ್ರುತಿ ಜಾರುತ್ತದೆ. ಗಟ್ಟಿಯಾದ ಡಬ್ಬಿ ಮಾಡಿ, ಮೈಯೇ ಬಾಗಿ ಅದರೊಳಗೆ ಬರಲಿ ಎನ್ನುವುದು ನಮಗೆ ಸುಲಭ.

ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಫ್ಲೆಕ್ಸ್ ಕಾಯಿಲ್ ಇದೆ ಎಂದು ವಿಚಾರಿಸಿಕೊಂಡು ಅವ್ವನನ್ನು ಅಲ್ಲಿಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಅವಳು ಒಂದೇ ಮಾತು ಆಡಿದಳು. “ನೀ ಮಾಡೂ ಡಬ್ಬ್ಯಾಗ ನಿಮ್ಮವ್ವನ ಹಿಡಸಲಿಲ್ಲ ನೋಡು.” ಹೇಳಿ ನಕ್ಕಳು. ಅವಳಿಗೆ ಅದು ತಮಾಷೆಯೇ ಆಗಿತ್ತು.

ಅಲ್ಲಿನ ಟೆಕ್ನಿಶಿಯನ್ ಇಪ್ಪತ್ತೈದರ ಆಸುಪಾಸಿನ ಹುಡುಗಿ. ನಾನು ಬಸ್ಸಿನಲ್ಲಿ ಲೆಕ್ಕ ಹಾಕಿಕೊಂಡು ಬಂದಿದ್ದೆ. ಸೊಂಟದ ಕೆಳಗೆ ದಿಂಬು ಇಟ್ಟು ಮೈಯನ್ನು ಎತ್ತರಿಸಬೇಕು, ತಲೆಯ ಕೆಳಗೆ ಇಷ್ಟು ಇಂಚಿನ ಫೋಮ್, ಕಾಯಿಲಿನ ಒಂದು ಭಾಗ ಕೆಳಗೆ, ಒಂದು ಮೇಲೆ ಎಂದೆಲ್ಲ. ಅದನ್ನು ಅವಳಿಗೆ ವಿವರಿಸತೊಡಗಿದೆ. ಅವಳು ನನ್ನ ಮಾತು ಅರ್ಧ ಕೇಳಿ ಅವ್ವನ ಕಡೆ ತಿರುಗಿದಳು.

“ಅಜ್ಜಿ, ಮನ್ಯಾಗ ಹೆಂಗ ಮಲಗ್ತೀರಿ?”

“ಮಗ್ಗಲಾಗಿ ಮಲಗ್ತೀನವಾ. ಗ್ವಾಡಿ ಕಡೆ ಮಾರಿ ಮಾಡಿ.”

“ಹಂಗ ಮಲಗ್ರಿ ಮತ್ತ.”

ಹದಿನಾರು ವರ್ಷ ಈ ಕೆಲಸ ಮಾಡಿದ್ದೇನೆ. ಈ ಪ್ರಶ್ನೆಯನ್ನು ನಾನು ಯಾರಿಗೂ ಕೇಳಿರಲಿಲ್ಲ.

ಅವ್ವ ಮನೆಯಲ್ಲಿ ಮಲಗುವ ಹಾಗೆ ಎಡಮಗ್ಗಲಾಗಿ, ಮೊಣಕಾಲು ಮಡಚಿ ಮಲಗಿದಳು. ಬಾಗಿದ ಬೆನ್ನಿಗೆ ಅದು ಸಹಜ ಭಂಗಿ. ತಲೆ ದಿಂಬಿನ ಮೇಲೆ ಕೂತಿತು, ಕತ್ತು ಸಡಿಲವಾಯಿತು. ಹುಡುಗಿ ಮೊಣಕಾಲಿಗೋ ಭುಜಕ್ಕೋ ಸುತ್ತುವ ಆ ಮೆತ್ತನೆಯ ಕಾಯಿಲನ್ನು ಕತ್ತಿನ ಹಿಂದಿನಿಂದ ತಂದು ಪಟ್ಟಿ ಬಿಗಿದಳು. ಕಾಯಿಲಿನ ಸುತ್ತುಗಳ ಮುಖ ಸುರಂಗದ ಉದ್ದಕ್ಕೆ ತಿರುಗಿಲ್ಲವಲ್ಲ ಎಂದು ನೋಡಿದೆ. ಇರಲಿಲ್ಲ. ಮಗ್ಗಲಾದರೂ ಅಪ್ಪನ ರೇಡಿಯೋದ ನಿಯಮ ಕೆಡುವುದಿಲ್ಲ. ಕಾಯಿಲಿನ ಕೇಬಲ್ಲು ಅವ್ವನ ತೋಳಿಗೆ ತಾಗದ ಹಾಗೆ ನಡುವೆ ಬಟ್ಟೆಯ ಮಡಿಕೆ ಇಟ್ಟೆ. ಅವ್ವ ರೂಢಿಯಂತೆ ಎರಡೂ ಅಂಗೈ ಜೋಡಿಸಿ ಕೆನ್ನೆಯ ಹತ್ತಿರ ಇಟ್ಟುಕೊಂಡಿದ್ದಳು. ಹುಡುಗಿ ಮೆಲ್ಲಗೆ ಅವನ್ನು ಬಿಡಿಸಿ ನಡುವೆ ಒಂದು ಟವೆಲ್ ತುರುಕಿದಳು. ಕೈಗೆ ಕೈ ತಾಗಿದರೆ ಮೈಯೇ ಒಂದು ಸುತ್ತು ಆಗಿಬಿಡುತ್ತದೆ. ಅದರಲ್ಲಿ ಕರೆಂಟು ಹರಿದು, ತಾಗಿದ ಜಾಗ ಸುಡಬಹುದು. ಇದನ್ನು ನಾನು ಎಷ್ಟೋ ವರದಿಗಳಲ್ಲಿ ಬರೆದಿದ್ದೇನೆ. ಒಬ್ಬರ ಅಂಗೈಗಳ ನಡುವೆ ಟವೆಲ್ ಇಡುವುದನ್ನು ನೋಡಿದ್ದು ಅದೇ ಮೊದಲು.

ನನ್ನ ಜೇಬೆಲ್ಲ ತಡವಿ ನೋಡಿ, ಕಿವಿಗೆ ಹತ್ತಿ ಕೊಟ್ಟು, ಅವ್ವನ ಹತ್ತಿರ ಕೂರಲು ಬಿಟ್ಟರು. ಒಳಗಿನ ಬಡಿತ ಶುರುವಾದಾಗ ಅವ್ವ ಕಣ್ಣು ಮುಚ್ಚಿದಳು. ಇಪ್ಪತ್ತು ನಿಮಿಷಕ್ಕೆ ಮುಗಿಯಬೇಕಾದ್ದು ಮುಕ್ಕಾಲು ತಾಸು ಹಿಡಿಯಿತು. ಡಬ್ಬಿಯಲ್ಲಿ ಇಪ್ಪತ್ತರಷ್ಟು ಕಿವಿಗಳಿದ್ದರೆ ಇದರಲ್ಲಿ ಇದ್ದದ್ದು ನಾಲ್ಕು. ಕೊರತೆಯಾದ ಸ್ಪಷ್ಟತೆಯನ್ನು ಅವ್ವ ಅಲುಗಾಡದೆ ಮಲಗಿ ತುಂಬಿಕೊಟ್ಟಳು.

ಚಿತ್ರ ಪರದೆಗೆ ಬಂದಾಗ ನಾನು ಮೊದಲು ನೋಡಿದ್ದು ಅದರ ಕಾಳುಕಾಳನ್ನು. ಕೆಲಸದ ಚಾಳಿ. ನಮ್ಮ ಲ್ಯಾಬಿನಲ್ಲಿ ಇಂಥ ಚಿತ್ರ ಬಂದರೆ ನಾನು ಕಾಯಿಲನ್ನು ವಾಪಸು ಕಳಿಸುತ್ತಿದ್ದೆ. ರೇಡಿಯಾಲಜಿಸ್ಟ್ ಆ ಕಾಳನ್ನು ನೋಡಲೇ ಇಲ್ಲ. ಬೆರಳಿಟ್ಟು ತೋರಿಸಿದರು. ಬೂದುಬಣ್ಣದ ನರದ ಹುರಿ ಮೇಲಿನಿಂದ ನೀಟಾಗಿ ಇಳಿದು ಬಂದು, ಕತ್ತಿನ ಐದನೆಯ ಮತ್ತು ಆರನೆಯ ಎಲುಬಿನ ನಡುವೆ ಹಿಸುಕಿದ ಹಾಗೆ ಸಣ್ಣದಾಗಿತ್ತು. “ಇಷ್ಟು ಕಂಡರೆ ಸಾಕು,” ಎಂದರು.

ಆಪರೇಷನ್ ಆಯಿತು. ಅವ್ವ ಊರಿಗೆ ಮರಳಿದ ಮೇಲೆ ಒಂದು ಭಾನುವಾರ ನಾನು ಲ್ಯಾಬಿನಿಂದ ತೆಳುವಾದ ತಾಮ್ರದ ಪಟ್ಟಿ ಒಯ್ದಿದ್ದೆ. ಅವಳನ್ನು ಗೋಡೆಯ ಕಡೆ ಮುಖ ಮಾಡಿ ಮಲಗಿಸಿ, ಕತ್ತಿನಿಂದ ಬೆನ್ನಿನವರೆಗೆ ಆ ಪಟ್ಟಿಯನ್ನು ಒತ್ತಿ ಬಾಗಿಸಿದೆ. ಅದೇ ಬಾಗಿನಲ್ಲಿ ಎತ್ತಿ ಹಳೆಯ ಪೇಪರಿನ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದೆ. “ಕುಬಸದ ಅಳತಿ ತಗೊಂಡಂಗ ಆತು,” ಎಂದಳು ಅವ್ವ.

ಈಗ ಲ್ಯಾಬಿನಲ್ಲಿ ಉಪ್ಪುನೀರಿನ ಬಾಟಲಿಯ ಪಕ್ಕ ಫೋಮಿನಲ್ಲಿ ಕಡೆದ ಒಂದು ಬಾಗಿದ ಬೆನ್ನು ಇದೆ. ಹುಡುಗರು ಅದನ್ನು ಅಜ್ಜಿ ಅನ್ನುತ್ತಾರೆ. ಬಾಟಲಿಯನ್ನು ನಾನು ದೂರುವುದಿಲ್ಲ, ಅದಿಲ್ಲದೆ ನಮ್ಮ ಕೆಲಸ ನಡೆಯದು. ಆದರೆ ನಿಂತ ನೀರು ಎಲ್ಲವನ್ನೂ ಹೇಳುವುದಿಲ್ಲ ಎಂಬುದು ಬೆಂಗಳೂರಿನಲ್ಲೇ ಎಂದೋ ಗೊತ್ತಾಗಿತ್ತು. 1951ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಎಂಬ ಭೌತವಿಜ್ಞಾನಿ, ಕಾಯಿಲಿನೊಳಗಿನ ಕೊಳವೆಯಲ್ಲಿ ನೀರು ಹರಿಯುವಾಗ ಸಿಗ್ನಲ್ ಬದಲಾಗುತ್ತದೆ ಎಂದು ತೋರಿಸಿದರು. ದಣಿದ ಪ್ರೋಟಾನ್‌ಗಳು ಹರಿದುಹೋಗಿ ಹೊಸವು ಬರುತ್ತವೆ, ದನಿ ಏರುತ್ತದೆ. ಇಂದು ರಕ್ತನಾಳಗಳ ಚಿತ್ರ ತೆಗೆಯುವ ಒಂದು ವಿಧಾನ ನಿಂತಿರುವುದು ಇದೇ ಪರಿಣಾಮದ ಮೇಲೆ. ಮೈಯನ್ನು ಚಿತ್ರಿಸುವ ಮಾತು ಯಾರ ತಲೆಯಲ್ಲೂ ಇಲ್ಲದ ಕಾಲದಲ್ಲಿ ಅವರು ನೀರನ್ನು ಹರಿಯಬಿಟ್ಟು ನೋಡಿದರು.

ಗಟ್ಟಿ ಡಬ್ಬಿಯಿಂದ ಹೊರಬರುವ ದಾರಿಗಳೂ ಈಗ ಕಾಣುತ್ತಿವೆ. 2016ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಅಂಗಿಯ ಮೇಲೆ ಚಿತ್ರ ಅಚ್ಚು ಹಾಕುವಂಥ ವಿಧಾನದಲ್ಲಿ ತೆಳು ಹಾಳೆಯ ಮೇಲೆ ಕಾಯಿಲ್ ಅಚ್ಚು ಹಾಕಿ ತೋರಿಸಿದರು. 2018ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದವರು ಕೈಗವಸಿನ ರೂಪದ ಕಾಯಿಲ್ ಮಾಡಿದರು. ಅದರ ಸುತ್ತುಗಳು ತಮ್ಮೊಳಗೆ ಕರೆಂಟು ಹರಿಯಲು ಬಿಡುವುದೇ ಇಲ್ಲ. ಹಾಗಾಗಿ ಬೆರಳು ಮಡಚಿದರೂ ಪಕ್ಕದ ಜೋಕಾಲಿ ಅಲ್ಲಾಡುವುದಿಲ್ಲ, ಮುಕ್ಕಾಲಿನ ಹಂಗಿಲ್ಲ. ಕಂಬಳಿಯ ಹಾಗೆ ಮೈಮೇಲೆ ಹೊದಿಸುವ ಕಾಯಿಲ್‌ಗಳು ಮಾರುಕಟ್ಟೆಗೂ ಬಂದಿವೆ. ಆದರೆ ಒಂದು ಕಂಪನಿಯ ಮಷೀನಿಗೆ ಮಾಡಿದ ಕಾಯಿಲ್ ಇನ್ನೊಂದಕ್ಕೆ ಕೂರುವುದಿಲ್ಲ, 15 ವರ್ಷ ಹಳೆಯ ಮಷೀನಿಗೆ ಹೊಸ ಕಾಯಿಲ್ ಮಾಡುವವರು ಕಡಿಮೆ. ಊರ ಕಡೆಯ ಎಷ್ಟೋ ಸ್ಕ್ಯಾನ್ ಸೆಂಟರುಗಳಲ್ಲಿ ಇರುವುದು ಅಂಥ ಹಳೆಯ ಮಷೀನುಗಳೇ, ಅವುಗಳ ಜೊತೆ ಬಂದ ಗಟ್ಟಿ ಡಬ್ಬಿಗಳೇ.

ಹೋದ ತಿಂಗಳು ನಮ್ಮ ಮುಂದಿನ ಕಾಯಿಲಿನ ಆಕಾರ ನಿರ್ಧಾರವಾಯಿತು. ಕೆಳಗಿನ ಅರ್ಧವನ್ನು ಮೇಲೆತ್ತಿ ಓರೆ ಮಾಡಬಹುದು, ಕತ್ತಿನ ಭಾಗ ಸಡಿಲವಾಗಿದೆ. ಕೀಲು ಇಡಲು ಜಾಗ ಬಿಟ್ಟದ್ದಕ್ಕೆ ಎಲ್ಲರ ಚಿತ್ರದಲ್ಲೂ ಸ್ಪಷ್ಟತೆ ಶೇಕಡ 6ರಷ್ಟು ಕಡಿಮೆಯಾಗುತ್ತದೆ. ನೆಟ್ಟಗೆ ಮಲಗಬಲ್ಲ ಸಾವಿರಾರು ಜನ ಆ ನಷ್ಟ ಹೊರಬೇಕು. ಅವರಲ್ಲಿ ಯಾರದೋ ಒಂದು ಸಣ್ಣ ಗಡ್ಡೆ ಆ ಕಾಳುಕಾಳಿನಲ್ಲಿ ಕಾಣದೆ ಹೋದರೆ ಎಂದು ಹೊಸ ಹುಡುಗನೊಬ್ಬ ಗ್ರಾಫು ಹಿಡಿದು ಕೇಳಿದ. ಐದು ವರ್ಷದ ಹಿಂದಿನ ನನ್ನ ದನಿಯೇ ಅದು. ಅವನ ಲೆಕ್ಕ ತಪ್ಪಿರಲಿಲ್ಲ. ನಾನು ಅವನಿಗೆ ಸರಿಯಾದ ಉತ್ತರ ಕೊಡಲಿಲ್ಲ. ಅಜ್ಜಿಯನ್ನು ತಂದು ಕಾಯಿಲಿನಲ್ಲಿ ಮಲಗಿಸು ಎಂದೆ. ಹಳೆಯದರಲ್ಲಿ ಮುಚ್ಚಳ ಹಾಕಲು ಅವನು ಹತ್ತು ನಿಮಿಷ ಒದ್ದಾಡಿದ. ಆಮೇಲೆ ಕಾಗದಕ್ಕೆ ನಾನು ಸಹಿ ಹಾಕಿದೆ, ಅವನೂ ಹಾಕಿದ. ಶೇಕಡ 6ರ ಸಂಕಟ ಮಾತ್ರ ಇನ್ನೂ ನನ್ನಲ್ಲಿದೆ.

ಅವ್ವನ ಕೈಯಲ್ಲಿ ಈಗ ಗುಂಡಿ ಹಾಕುವಷ್ಟು ಶಕ್ತಿ ಬಂದಿದೆ. ಅಕ್ಕಿ ಆರಿಸುತ್ತಾಳೆ, ಮೆಂತ್ಯದ ಸೊಪ್ಪು ಬಿಡಿಸುತ್ತಾಳೆ. ರೊಟ್ಟಿ ಮಾತ್ರ ಬರಲಿಲ್ಲ. ವೈನಿ ಬಡಿಯುವಾಗ ಪಕ್ಕದಲ್ಲಿ ಕೂತು, ಅಂಚು ದಪ್ಪಾತು, ನೀರ ಹಚ್ಚು ಎಂದು ಹೇಳುತ್ತಿರುತ್ತಾಳೆ. ಮೊನ್ನೆ ಹೋದಾಗ ನನಗೆ ಬಿಸಿ ರೊಟ್ಟಿ ಬಡಿಸಲು ಹೇಳಿ ಕೇಳಿದಳು.

“ಏನಪಾ, ಆ ಡಬ್ಬಿ ದೊಡ್ಡದ ಮಾಡಿದ್ರೇನು?”

“ಮಾಡಾಕತ್ತೇವಿ ಅವ್ವಾ. ಇನ್ನೂ ಎರಡ ವರ್ಷ ಹಿಡಿತೈತಿ.”

“ಅಲ್ಲಿತನಕಾ?”

ನಾನು ರೊಟ್ಟಿ ಮುರಿದೆ. “ಅಲ್ಲಿತನಕಾ ಮಗ್ಗಲಾಗಿ ಮಲಗಿಸ್ರಿ ಅಂತ ಹೇಳಬೇಕು,” ಎಂದೆ.